ವಿದ್ಯುಚ್ಚಾಲಿತ ಗಾಲಿಕುರ್ಚಿಯ ನಿರ್ಮಾಣದಲ್ಲಿ ಲಘುತ್ವ ಮತ್ತು ದೃಢತೆ

ಕಾಲುಗಳ ಬಲ ಕುಂದಿ, ಗಾಲಿಯನ್ನು ತಾವೇ ತಳ್ಳಿಕೊಳ್ಳುವ ಶಕ್ತಿಯೂ ತೋಳುಗಳಲ್ಲಿ ಉಳಿಯದವರು ಅನ್ಯರ ಸಹಾಯವಿಲ್ಲದೆ ಸಂಚರಿಸಲು ಅನುವಾಗುವಂತೆ, ಬ್ಯಾಟರಿಯಿಂದ ಬಲ ಪಡೆದ ಮೋಟಾರುಗಳು ಚಕ್ರಗಳನ್ನು ತಿರುಗಿಸುವ, ಕೈಗೆಟಕುವಂತಿರುವ ಸಣ್ಣ ಹಿಡಿಕೆಯೊಂದರಿಂದಲೇ ವೇಗವೂ ದಿಕ್ಕೂ ನಿಯಂತ್ರಿತವಾಗುವ ಆಸನವೇ ವಿದ್ಯುಚ್ಚಾಲಿತ ಗಾಲಿಕುರ್ಚಿ. ಪ್ರಯಾಣಕ್ಕೆಂದು ರಚಿತವಾದ ಮಡಿಸುವ ಜಾತಿಯ ಕುರ್ಚಿಗಳು 20ರಿಂದ 30 ಕಿ.ಗ್ರಾಂ ತೂಗಿದರೆ, ಬೆನ್ನೊರಗನ್ನು ಹಿಂದಕ್ಕೆ ಬಾಗಿಸುವ ಮತ್ತು ಆಸನವನ್ನು ಮೇಲೆತ್ತುವ ಯಂತ್ರಾಂಗಗಳನ್ನೆಲ್ಲ ಒಳಗೊಂಡು, ದಿನವಿಡೀ ಅದರಲ್ಲಿಯೇ ಕುಳಿತಿರಬೇಕಾದವರಿಗಾಗಿ ಸಿದ್ಧವಾದವು 150 ಕಿ.ಗ್ರಾಂ ಅನ್ನೂ ಮೀರುವುದುಂಟು. ಇಬ್ಬರು ಸೇರಿ ಎತ್ತಿ ಮೆಟ್ಟಿಲು ಹತ್ತಿಸಬಹುದಾದಷ್ಟು ಹಗುರವೂ, ಕೆಟ್ಟ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದರೂ ಬಿರುಕು ಬಿಡದಷ್ಟು ಗಟ್ಟಿಯೂ ಆದ ಕುರ್ಚಿಯನ್ನು ನಿರ್ಮಿಸುವುದು ಹೇಗೆಂಬುದು ಅರ್ಧ ಶತಮಾನಕ್ಕೂ ಮಿಕ್ಕಿ ಎಂಜಿನಿಯರುಗಳನ್ನು ಕಾಡುತ್ತ ಬಂದಿರುವ ಪ್ರಶ್ನೆ. ಭಾರವಾದುದೆಲ್ಲ ಗಟ್ಟಿ, ಹಗುರವಾದುದೆಲ್ಲ ದುರ್ಬಲ ಎಂಬ ಲೋಕರೂಢಿಯ ನಂಬಿಕೆ ಈ ಕ್ಷೇತ್ರದಲ್ಲಿ ಬಹುಮಟ್ಟಿಗೆ ತಪ್ಪೆಂಬುದನ್ನೂ, ಲಘುತ್ವಕ್ಕೆ ನಿಜವಾದ ಎದುರಾಳಿ ದೃಢತೆಗಿಂತಲೂ ಹೆಚ್ಚಾಗಿ ಸ್ಥಿರತೆಯೆಂಬುದನ್ನೂ ಮುಂದಿನ ವಿವರಣೆಯಿಂದ ಕಾಣಬಹುದು.

ತೂಕವನ್ನು ಇಳಿಸಲು ಹೊರಟ ವಿನ್ಯಾಸಕನಿಗೆ ಮೊದಲು ಎದುರಾಗುವುದು ಭಾರದ ಪರಂಪರೆ. ದೂರದ ಸಂಚಾರಕ್ಕೆಂದು ದೊಡ್ಡ ಬ್ಯಾಟರಿಯನ್ನಿಟ್ಟರೆ ಅದನ್ನು ಏರಿನಲ್ಲಿ ಎಳೆಯಲು ಹೆಚ್ಚು ಬಲದ ಮೋಟಾರು ಬೇಕಾಗುತ್ತದೆ. ಮೋಟಾರೂ ಬ್ಯಾಟರಿಯೂ ಹೆಚ್ಚಿದಾಗ ಅವುಗಳನ್ನು ಹೊರುವ ಚೌಕಟ್ಟು ದಪ್ಪವಾಗಬೇಕಾಗುತ್ತದೆ. ಚೌಕಟ್ಟು ದಪ್ಪವಾದೊಡನೆ ಅದೇ ದೂರವನ್ನು ಕ್ರಮಿಸಲು ಇನ್ನಷ್ಟು ದೊಡ್ಡ ಬ್ಯಾಟರಿಯೇ ಅಗತ್ಯವೆನಿಸಿ, ಒಂದು ಕಿಲೋಗ್ರಾಮಿನ ಹಿಂದೆ ಇನ್ನೊಂದು ತಾನಾಗಿ ಬಂದು ಸೇರುತ್ತದೆ. 75 ಕಿ.ಗ್ರಾಂ ತೂಕದ ವ್ಯಕ್ತಿಯೊಬ್ಬರು 100 ಕಿ.ಗ್ರಾಂ ತೂಕದ ಕುರ್ಚಿಯಲ್ಲಿ ಕುಳಿತು, ಹನ್ನೆರಡು ಅಡಿ ಉದ್ದಕ್ಕೆ ಒಂದಡಿ ಏರುವ ಇಳಿಜಾರನ್ನು ಹತ್ತುವಾಗ, ಗುರುತ್ವಾಕರ್ಷಣೆಯ ವಿರುದ್ಧವಾಗಿ ಚಕ್ರಗಳು ಪ್ರಯೋಗಿಸಬೇಕಾದ ಬಲ ಸುಮಾರು 14.6 ಕಿ.ಗ್ರಾಂ ಭಾರಕ್ಕೆ ಸಮ. ಅದೇ ವ್ಯಕ್ತಿ 25 ಕಿ.ಗ್ರಾಂ ಕುರ್ಚಿಯಲ್ಲಿದ್ದರೆ ಅದು 8.3ಕ್ಕೆ ಇಳಿಯುತ್ತದೆ. ಹೊರೆಯ ಈ ಸರಪಳಿಯನ್ನು ಯಾವ ಕೊಂಡಿಯಲ್ಲಿ ಕಡಿದರೂ ಉಳಿದ ಕೊಂಡಿಗಳು ತಾವಾಗಿ ಸಡಿಲುವುದರಿಂದ, ಲಘುತ್ವದ ಸಾಧನೆ ಲೋಹದ ಆಯ್ಕೆಯಿಂದ ಆರಂಭವಾಗದೆ, ಈ ಕುರ್ಚಿ ದಿನಕ್ಕೆ ಎಷ್ಟು ದೂರ, ಎಂಥ ನೆಲದ ಮೇಲೆ, ಯಾವ ವೇಗದಲ್ಲಿ ಓಡಬೇಕೆಂಬ ನಿರ್ಣಯದಿಂದ ಆರಂಭವಾಗತಕ್ಕದ್ದು.

ಗಾಲಿಕುರ್ಚಿಯ ಆಧುನಿಕ ಇತಿಹಾಸದ ಮೂಲದಲ್ಲಿಯೂ ಲಘುತ್ವದ ಅನ್ವೇಷಣೆಯೇ ಇದೆ. 1918ರ ಗಣಿ ಅಪಘಾತವೊಂದರಲ್ಲಿ ಬೆನ್ನುಹುರಿಗೆ ಪೆಟ್ಟು ತಗಲಿ ನಡೆಯುವ ಶಕ್ತಿಯನ್ನು ಕಳೆದುಕೊಂಡ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರು, ಅಂದಿನ ಭಾರಿ ಕುರ್ಚಿಗಳು ಮೋಟಾರುಗಾಡಿಯೊಳಗೆ ಹಿಡಿಸದಿರುವ ತೊಂದರೆಯನ್ನು ಸ್ವತಃ ಅನುಭವಿಸಿ, ತಮ್ಮ ಮಿತ್ರ ಹ್ಯಾರಿ ಜೆನಿಂಗ್ಸ್ ಅವರೊಡನೆ ಸೇರಿ, ಆಸನದ ಕೆಳಗೆ ಕತ್ತರಿಯಂತೆ ಹಾಯುವ ಎರಡು ಅಡ್ಡಗೋಲುಗಳ ನೆರವಿನಿಂದ ಮಡಿಸಬಹುದಾದ ಉಕ್ಕಿನ ಕೊಳವೆಗಳ ಕುರ್ಚಿಯನ್ನು 1930ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ರೂಪಿಸಿದರು. ಎರಡನೆಯ ಮಹಾಯುದ್ಧದ ತರುವಾಯ, ವೈದ್ಯಶಾಸ್ತ್ರದ ಪ್ರಗತಿಯಿಂದಾಗಿ ಕತ್ತಿನ ಬಳಿ ಬೆನ್ನುಹುರಿ ಛಿದ್ರಗೊಂಡ ಸೈನಿಕರೂ ಬದುಕಿ ಉಳಿಯತೊಡಗಿದಾಗ, ಕೈಯಿಂದ ತಳ್ಳುವ ಕುರ್ಚಿ ಅವರಿಗೆ ನಿರರ್ಥಕವೆಂಬುದು ಸ್ಪಷ್ಟವಾಗಿ, ಕೆನಡದ ರಾಷ್ಟ್ರೀಯ ಸಂಶೋಧನ ಮಂಡಳಿಯಲ್ಲಿದ್ದ ಜಾರ್ಜ್ ಕ್ಲೈನ್ ಎಂಬ ಯಂತ್ರಶಾಸ್ತ್ರಜ್ಞರು 1950ರ ದಶಕದ ಆರಂಭದಲ್ಲಿ ವಿದ್ಯುಚ್ಚಾಲಿತ ಕುರ್ಚಿಯನ್ನು ರಚಿಸಿದರು. ಎರಡು ಚಕ್ರಗಳಿಗೆ ಪ್ರತ್ಯೇಕವಾದ ಎರಡು ಮೋಟಾರುಗಳನ್ನು ಜೋಡಿಸಿ, ಅವುಗಳ ವೇಗದ ಅಂತರದಿಂದಲೇ ಕುರ್ಚಿಯನ್ನು ತಿರುಗಿಸುವ ಅವರ ಕ್ರಮ ಇಂದಿಗೂ ಬದಲಾಗಿಲ್ಲ. 

1956ರಲ್ಲಿ ಎವರೆಸ್ಟ್ ಮತ್ತು ಜೆನಿಂಗ್ಸ್ ಕಂಪನಿ ವಿದ್ಯುತ್ ಕುರ್ಚಿಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿತು. ಆದರೆ ಮಡಿಸುವುದಕ್ಕೆಂದು ಹುಟ್ಟಿದ ಚೌಕಟ್ಟಿಗೇ ಮೋಟಾರು, ಬೆಲ್ಟು ಮತ್ತು ಸೀಸದ ಬ್ಯಾಟರಿಗಳನ್ನು ತಗುಲಿಸಿದ ಆ ಕಾಲದ ಯಂತ್ರಗಳು ಮಡಿಸಲೂ ಬಾರದೆ, ಮಡಿಸುವ ಕೀಲುಗಳ ಸಡಿಲಿಕೆಯಿಂದಾಗಿ ಹೊರಗಿನ ನೆಲದ ಕುಲುಕಾಟವನ್ನು ತಾಳಲೂ ಆರದೆ, ಎರಡು ಗುಣಗಳನ್ನೂ ಕಳೆದುಕೊಂಡವು. ಪೋಲಿಯೊದಿಂದ ಅಂಗಾಂಗಗಳ ಬಲ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಮೊದಲಾದವರು 1972ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರವನ್ನು ಸ್ಥಾಪಿಸಿದಾಗ, ಹಕ್ಕುಗಳ ಹೋರಾಟದಷ್ಟೇ ಮುಖ್ಯವಾಗಿ ಗಾಲಿಕುರ್ಚಿಗಳ ದುರಸ್ತಿ ಕಾರ್ಯಾಗಾರವೂ ಆ ಚಳವಳಿಯ ಅಂಗವಾಯಿತು. ಮನೆಯೊಳಗಿನ ನುಣುಪಾದ ನೆಲಕ್ಕೆಂದು ಮಾಡಿದ ಕುರ್ಚಿಗಳನ್ನು ಬೀದಿಗೆ ಇಳಿಸಿದವರು ಅವರು. ಬೀದಿ ಆ ಕುರ್ಚಿಗಳನ್ನು ಮುರಿಯಿತು. ಮುರಿದ ಭಾಗಗಳೇ ಮುಂದಿನ ವಿನ್ಯಾಸಕ್ಕೆ ಪಾಠವಾದವು.

ಲಘುತ್ವದ ಕುರಿತ ದೊಡ್ಡ ಪಾಠ ಬಂದುದು ಮಾತ್ರ ವಿದ್ಯುತ್ ಕುರ್ಚಿಯಿಂದಲ್ಲ. 1978ರಲ್ಲಿ ಆಕಾಶದಲ್ಲಿ ತೇಲುವ ಗ್ಲೈಡರಿನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಕ್ಯಾಲಿಫೋರ್ನಿಯದ ಮೆರಿಲಿನ್ ಹ್ಯಾಮಿಲ್ಟನ್, ತಮಗೆ ದೊರೆತ ಸುಮಾರು 25 ಕಿ.ಗ್ರಾಂ ತೂಕದ ಉಕ್ಕಿನ ಕುರ್ಚಿಯನ್ನು ಒಲ್ಲದೆ, ಗ್ಲೈಡರುಗಳನ್ನು ನಿರ್ಮಿಸುತ್ತಿದ್ದ ತಮ್ಮ ಇಬ್ಬರು ಸ್ನೇಹಿತರಿಂದ ಅದೇ ಅಲ್ಯೂಮಿನಿಯಂ ಕೊಳವೆಗಳನ್ನು ಬಳಸಿ ಅದರ ಅರ್ಧದಷ್ಟು ತೂಕದ ಕುರ್ಚಿಯೊಂದನ್ನು ಮಾಡಿಸಿಕೊಂಡರು. 'ಕ್ವಿಕಿ' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಆ ಕುರ್ಚಿ ಇಡೀ ಉದ್ಯಮದ ದಿಕ್ಕನ್ನೇ ತಿರುಗಿಸಿತು. ಸ್ವತಃ ಗಾಲಿಕುರ್ಚಿಯನ್ನು ಬಳಸುವ ಎಂಜಿನಿಯರ್ ರೋರಿ ಕೂಪರ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ನಡೆಸಿದ ಸಹಿಷ್ಣುತಾ ಪರೀಕ್ಷೆಗಳಲ್ಲಿ, ಆಸ್ಪತ್ರೆಗಳಲ್ಲಿ ಕಾಣಸಿಗುವ ಅಗ್ಗದ, ಭಾರವಾದ ಉಕ್ಕಿನ ಕುರ್ಚಿಗಳಿಗಿಂತ ಈ ಅತಿಲಘು ಕುರ್ಚಿಗಳು ಹಲವು ಪಟ್ಟು ಹೆಚ್ಚು ಬಾಳಿಕೆ ಬಂದವು. ಹಾಗೆಂದು ಲೋಹದ ಹೆಸರಿನಲ್ಲಿಯೇ ಮಹಿಮೆ ಇರುವುದೆಂದು ಭ್ರಮಿಸಲಾಗದು. ಮುಂದೆ ಟೈಟೇನಿಯಂ ಕುರ್ಚಿಗಳನ್ನು ಪರೀಕ್ಷಿಸಿದಾಗ, ಅವು ಅಲ್ಯೂಮಿನಿಯಂ ಕುರ್ಚಿಗಳಿಗಿಂತ ಬಹಳ ಮೇಲೆಂದೇನೂ ಕಂಡುಬರಲಿಲ್ಲ.

ಇದರ ಕಾರಣವನ್ನು ತಿಳಿಯಲು ದ್ರವ್ಯಗಳ ಗುಣವನ್ನು ಕೊಂಚ ವಿಚಾರಿಸಬೇಕು. ಉಕ್ಕಿನ ಸಾಂದ್ರತೆ ನೀರಿನ 7.8ರಷ್ಟು, ಟೈಟೇನಿಯಮಿನದು 4.5ರಷ್ಟು, ಅಲ್ಯೂಮಿನಿಯಮಿನದು 2.7ರಷ್ಟು, ಮೆಗ್ನೀಸಿಯಮಿನದು 1.7ರಷ್ಟು, ಎಳೆದಾಗ ಹಿಗ್ಗದಿರುವ ಬಿಗಿತವನ್ನು ಅಳೆಯುವ ಗುಣಾಂಕಗಳು ಇದೇ ಕ್ರಮದಲ್ಲಿ ಸುಮಾರು 200, 110, 70 ಮತ್ತು 45 ಗಿಗಾಪಾಸ್ಕಲ್. ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿ ನೋಡಿದರೆ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಲಬ್ಧ ಬರುವುದು ಪ್ರಕೃತಿಯ ಒಂದು ವಿಚಿತ್ರ ಸಾಮ್ಯ. ಅಂದರೆ, ಒಂದೇ ವ್ಯಾಸದ ಕೊಳವೆಯನ್ನು ಉಕ್ಕಿಗೆ ಬದಲಾಗಿ ಅಲ್ಯೂಮಿನಿಯಮಿನಿಂದ ಮಾಡಿ ಅಷ್ಟೇ ಬಿಗಿತವನ್ನು ಬಯಸಿದರೆ, ಗೋಡೆಯನ್ನು ಮೂರು ಪಟ್ಟು ದಪ್ಪಗೊಳಿಸಬೇಕಾಗಿ, ತೂಕದಲ್ಲಿ ಏನೊಂದೂ ಉಳಿತಾಯವಾಗುವುದಿಲ್ಲ. ಉಳಿತಾಯವೆಲ್ಲ ವ್ಯಾಸದಲ್ಲಿದೆ: ಅಷ್ಟೇ ಲೋಹವನ್ನು ಎರಡರಷ್ಟು ವ್ಯಾಸದ, ಅರ್ಧದಷ್ಟು ದಪ್ಪದ ಗೋಡೆಯ ಕೊಳವೆಯಾಗಿ ಹರಡಿದಾಗ ಬಾಗುವಿಕೆಗೆ ಅದು ಒಡ್ಡುವ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಬಿದಿರು ಒಳಗೆ ಪೊಳ್ಳಾಗಿದ್ದೂ ಗಾಳಿಗೆ ಮುರಿಯದೆ ನಿಲ್ಲುವ ಗುಟ್ಟೂ ಇದೇ. ಉಕ್ಕಿನಲ್ಲಿ ಈ ಉಪಾಯವನ್ನು ಬಹುದೂರ ಒಯ್ದರೆ ಗೋಡೆ ಅರ್ಧ ಮಿಲಿಮೀಟರಿಗೂ ತೆಳುವಾಗಿ, ಬಾಗಿಲ ಚೌಕಟ್ಟಿಗೆ ತಾಗಿದ ಮಾತ್ರಕ್ಕೇ ತಗ್ಗುಬಿದ್ದು ಕುಸಿಯುತ್ತದೆ. ಸಾಂದ್ರತೆ ಕಡಮೆಯಾದ ಅಲ್ಯೂಮಿನಿಯಮಿಗೆ ಅದೇ ತೂಕದಲ್ಲಿ ದಪ್ಪನೆಯ ಗೋಡೆ ದೊರೆಯುವುದರಿಂದ ವ್ಯಾಸವನ್ನು ಹಿಗ್ಗಿಸಲು ಅವಕಾಶವಿದೆ. ಲಘು ಲೋಹದ ಶ್ರೇಷ್ಠತೆ ಇಷ್ಟೇ, ಆದರೆ ಇದೇನೂ ಅಲ್ಪವಲ್ಲ. ಆಸನದ ತಳದ ಹಲಗೆಯಂಥ ಚಪ್ಪಟೆ ಭಾಗಗಳಲ್ಲಿಯಂತೂ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಸಮತೂಕದ ಅಲ್ಯೂಮಿನಿಯಂ ಹಲಗೆ ಉಕ್ಕಿನದಕ್ಕಿಂತ ಸುಮಾರು ಎಂಟು ಪಟ್ಟು ಬಿಗಿಯಾಗಿರುತ್ತದೆ.

ಕುರ್ಚಿಗಳು ಒಮ್ಮೆಲೇ ಮುರಿಯುವುದು ಅಪರೂಪ. ಒಂದು ಹೊರೆಗೆ ಬಾಗದ ಲೋಹವೂ ಅದರ ಒಂದಂಶದಷ್ಟು ಹೊರೆ ಲಕ್ಷ ಬಾರಿ ಬಂದು ಹೋದಾಗ, ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಬೆಳೆದು, ಕೊನೆಗೊಂದು ದಿನ ಸೀಳುತ್ತದೆ. ಲೋಹದ ಈ ದಣಿವಿನ ವಿಷಯದಲ್ಲಿ ಉಕ್ಕಿಗೊಂದು ಸದ್ಗುಣವುಂಟು: ಒಂದು ಮಿತಿಯ ಕೆಳಗಿನ ಹೊರೆಗಳು ಎಷ್ಟು ಬಾರಿ ಬಂದರೂ ಅದು ಸಹಿಸಿಕೊಳ್ಳಬಲ್ಲದು. ಅಲ್ಯೂಮಿನಿಯಮಿಗೆ ಅಂಥ ಮಿತಿಯಿಲ್ಲ. ಹೊರೆ ಎಷ್ಟು ಸಣ್ಣದಾದರೂ ಎಂದಾದರೊಂದು ದಿನ ಅದು ದಣಿಯಲೇಬೇಕು, ಆ ದಿನವನ್ನು ಬಳಕೆದಾರರ ಆಯುಷ್ಯದಾಚೆಗೆ ದೂಡುವುದಷ್ಟೇ ವಿನ್ಯಾಸಕನ ಕೈಯಲ್ಲಿದೆ. ಬೆಸುಗೆ ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಗಾಲಿಕುರ್ಚಿಗಳಲ್ಲಿ ಹೇರಳವಾಗಿ ಬಳಕೆಯಾಗುವ 6061 ಎಂಬ ಮಿಶ್ರಲೋಹ ಉಷ್ಣಸಂಸ್ಕಾರದ ಬಳಿಕ ಸುಮಾರು 276 ಮೆಗಾಪಾಸ್ಕಲ್ ಒತ್ತಡದವರೆಗೆ ಶಾಶ್ವತವಾಗಿ ಬಾಗದೆ ನಿಲ್ಲುವುದಾದರೂ, ಬೆಸೆದ ಜಾಗದ ಸುತ್ತ ತಗಲುವ ಶಾಖದಿಂದ ಆ ಸಾಮರ್ಥ್ಯ ಅರ್ಧದಷ್ಟಕ್ಕೆ ಕುಸಿದು, ಚೌಕಟ್ಟನ್ನು ಮತ್ತೊಮ್ಮೆ ಕುಲುಮೆಗೆ ಇಟ್ಟು ಹದಗೊಳಿಸಿದ ಹೊರತು ಮರಳದು. ಅಗ್ಗದ ಕುರ್ಚಿಗಳಲ್ಲಿ ಈ ಎರಡನೆಯ ಸಂಸ್ಕಾರವನ್ನು ಕೈಬಿಟ್ಟು, ಕೊರತೆಯನ್ನು ದಪ್ಪನೆಯ ಕೊಳವೆಯಿಂದ ತುಂಬುವ ರೂಢಿ ಇರುವುದರಿಂದಲೇ ಅವು ಭಾರವಾಗಿಯೂ ದುರ್ಬಲವಾಗಿಯೂ ಇರುವುದು.

ಆದ್ದರಿಂದ ಜಾಣ ವಿನ್ಯಾಸಕರು ಬೆಸುಗೆಗಳ ಸಂಖ್ಯೆಯನ್ನೇ ಕುಗ್ಗಿಸುತ್ತಾರೆ. ಎರಡು ತುಂಡುಗಳನ್ನು ಮೂಲೆಯಲ್ಲಿ ಕೂಡಿಸುವ ಬದಲು ಒಂದೇ ಕೊಳವೆಯನ್ನು ವಿಶಾಲವಾಗಿ ಬಾಗಿಸುವುದು, ಬೆಸುಗೆ ಅನಿವಾರ್ಯವಾದಲ್ಲಿ ಅದನ್ನು ಬಾಗುವಿಕೆ ಅತಿಯಾಗಿರುವ ಸ್ಥಳದಿಂದ ದೂರಕ್ಕೆ ಸರಿಸುವುದು, ಸಂದಿಗೆ ತ್ರಿಕೋನಾಕಾರದ ಆನಿಕೆಪಟ್ಟಿಯನ್ನು ಕೊಡುವುದು, ಬೋಲ್ಟಿನ ರಂಧ್ರವನ್ನು ಕೊಳವೆಯ ಮೇಲ್ಮೈ ಕೆಳಮೈಗಳಲ್ಲಿ ಕೊರೆಯದೆ ಒತ್ತಡ ಕಡಮೆಯಿರುವ ಪಕ್ಕದಲ್ಲಿ ಕೊರೆಯುವುದು, ಇವೆಲ್ಲ ಒಂದು ಗ್ರಾಮನ್ನೂ ಸೇರಿಸದೆಯೇ, ಅಥವಾ ಅತ್ಯಲ್ಪವನ್ನು ಮಾತ್ರ ಸೇರಿಸಿ, ಆಯುಷ್ಯವನ್ನು ಹಲವು ಪಟ್ಟು ವೃದ್ಧಿಸುವ ಉಪಾಯಗಳು. ಇಂಗಾಲದ ಎಳೆಗಳನ್ನು ರಾಳದಲ್ಲಿ ಹೂತು ಮಾಡಿದ ಕಾರ್ಬನ್ ಫೈಬರ್ ಲೋಹಗಳ ಮೇಲೆ ಹೇಳಿದ ಸಾಮ್ಯವನ್ನು ನಿಜವಾಗಿಯೂ ಮುರಿಯಬಲ್ಲ ದ್ರವ್ಯ. ಎಳೆಗಳು ಸಾಗುವ ದಿಕ್ಕಿನಲ್ಲಿ ಅದರ ಬಿಗಿತ ಉಕ್ಕಿನದಕ್ಕೆ ಸಾಟಿಯಾಗುವುದಾದರೂ ತೂಕ ಐದನೆಯ ಒಂದು ಭಾಗದಷ್ಟು. ಆದರೆ ಹೊರಗಿನಿಂದ ಏಟು ಬಿದ್ದಾಗ ಮೇಲೆ ಯಾವ ಗುರುತೂ ಕಾಣದೆ ಒಳಗಿನ ಪದರಗಳು ಬಿಟ್ಟುಕೊಳ್ಳುವುದೂ, ಊರಿನ ಬೆಸುಗೆ ಅಂಗಡಿಯಲ್ಲಿ ಅದಕ್ಕೆ ಚಿಕಿತ್ಸೆಯಿಲ್ಲದಿರುವುದೂ ಅದರ ದೋಷಗಳು. ವಿಮಾನದ ಸಾಮಾನುಕೋಣೆಯಲ್ಲಿ ಎಸೆಯಲ್ಪಡುವ ವಸ್ತುವಿಗೆ ಅದು ಸೂಕ್ತವೇ ಎಂಬುದು ವಿಚಾರಾರ್ಹ.

ದೃಢತೆಯನ್ನು ಮಾತಿನಿಂದ ನಿರ್ಣಯಿಸಲಾಗದೆಂಬ ಕಾರಣದಿಂದ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 7176 ಎಂಬ ಸಂಖ್ಯೆಯ ಮಾನಕಮಾಲೆಯನ್ನು ರೂಪಿಸಿದೆ. ಅದರ ಎಂಟನೆಯ ಭಾಗದ ವಿಧಿಯಂತೆ, ಮನುಷ್ಯನ ತೂಕದ ಬೊಂಬೆಯನ್ನು ಹೊತ್ತ ಕುರ್ಚಿಯನ್ನು 12 ಮಿ.ಮೀ. ಎತ್ತರದ ಪಟ್ಟಿಗಳಿರುವ ಎರಡು ಉರುಳೆಗಳ ಮೇಲೆ ನಿಲ್ಲಿಸಿ, ಉರುಳೆ ಎರಡು ಲಕ್ಷ ಸುತ್ತು ತಿರುಗುವವರೆಗೂ ಕುಲುಕಿಸುತ್ತಾರೆ. ಎರಡು ಉರುಳೆಗಳ ವೇಗದಲ್ಲಿ ಉದ್ದೇಶಪೂರ್ವಕವಾಗಿ ಕಿಂಚಿತ್ ಅಂತರವಿಡುವುದರಿಂದ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಬೀಳುವ ಏಟುಗಳು ಬಗೆಬಗೆಯಾಗಿ ಕೂಡಿಬರುತ್ತವೆ. ಇಷ್ಟನ್ನು ಸಹಿಸಿದ ಕುರ್ಚಿಯನ್ನೇ ತರುವಾಯ 50 ಮಿ.ಮೀ. ಎತ್ತರದಿಂದ 6,666 ಬಾರಿ ಗಟ್ಟಿ ನೆಲದ ಮೇಲೆ ಬೀಳಿಸುತ್ತಾರೆ. ಬಿರುಕುಗಳು ಪ್ರಾಯಶಃ ಕಾಣಿಸಿಕೊಳ್ಳುವುದು ಮುಖ್ಯ ಚೌಕಟ್ಟಿನ ನಡುವಿನಲ್ಲಲ್ಲದೆ, ಮುಂದಿನ ಪುಟ್ಟ ಚಕ್ರದ ಕವಲಿನ ಬುಡದಲ್ಲಿ, ಪಾದಾಧಾರದ ತಗುಲುಗಳಲ್ಲಿ, ಬ್ಯಾಟರಿ ತಟ್ಟೆಯ ಮೂಲೆಗಳಲ್ಲಿ. ಅಮೆರಿಕದಲ್ಲಿ ಅಗ್ಗದ ವಿದ್ಯುತ್ ಕುರ್ಚಿಗಳ ಮೇಲೆ ಇಂಥ ಪರೀಕ್ಷೆಗಳು ನಡೆದಾಗ, ಅವುಗಳಲ್ಲಿ ಅನೇಕವು ಬಾಳಿಕೆಯ ಕನಿಷ್ಠ ಮಟ್ಟವನ್ನೂ ಮುಟ್ಟಲಿಲ್ಲ. ಇಡೀ ಚೌಕಟ್ಟನ್ನು ಭಾರಗೊಳಿಸುವುದು ನಿಷ್ಫಲ, ಈ ಮೂರು ನಾಲ್ಕು ಸಂದುಗಳಲ್ಲಿ ನೂರಿನ್ನೂರು ಗ್ರಾಂ ಲೋಹವನ್ನು ಸೇರಿಸುವುದೇ ವಿವೇಕ ಎಂಬ ತೀರ್ಮಾನ ಇದರಿಂದ ಹೊರಡುತ್ತದೆ.

ಬ್ಯಾಟರಿಯ ವಿಷಯಕ್ಕೆ ಬಂದರೆ, ತೂಕದ ಬಹುಭಾಗ ಇಲ್ಲಿಯೇ ಅಡಗಿದೆ. 12 ವೋಲ್ಟಿನ, 50 ಆಂಪಿಯರ್-ಗಂಟೆಯ ಎರಡು ಸೀಸ-ಆಮ್ಲ ಬ್ಯಾಟರಿಗಳನ್ನು ಸಾಲಾಗಿ ಜೋಡಿಸುವ ಸಾಂಪ್ರದಾಯಿಕ ವ್ಯವಸ್ಥೆ 1,200 ವ್ಯಾಟ್-ಗಂಟೆಯ ಶಕ್ತಿಯನ್ನು ಕೊಡುವುದಾದರೂ, ಅವೆರಡೂ ಸೇರಿ 35 ಕಿ.ಗ್ರಾಂ ಆಸುಪಾಸಿನಲ್ಲಿ ತೂಗುತ್ತವೆ. ಕಿಲೋಗ್ರಾಮಿಗೆ 30ರಿಂದ 40 ವ್ಯಾಟ್-ಗಂಟೆಯನ್ನು ಹಿಡಿಯುವ ಸೀಸಕ್ಕೆ ಹೋಲಿಸಿದರೆ, ಲಿಥಿಯಂ ಜಾತಿಯ ಬ್ಯಾಟರಿಗಳು ಅದರ ಮೂರರಿಂದ ಐದು ಪಟ್ಟನ್ನು ಹಿಡಿಯಬಲ್ಲವು. ಅವುಗಳಲ್ಲಿಯೂ ಕಬ್ಬಿಣದ ಫಾಸ್ಫೇಟನ್ನು ಬಳಸುವ ಬಗೆ ಕೊಂಚ ಹೆಚ್ಚು ಭಾರವಾದರೂ ಹೊತ್ತಿಕೊಳ್ಳುವ ಭಯ ಕಡಮೆಯಾದುದರಿಂದ, ಓಡಿ ತಪ್ಪಿಸಿಕೊಳ್ಳಲಾರದ ಮನುಷ್ಯರ ಆಸನದ ಕೆಳಗಿಡಲು ಅದೇ ಶ್ರೇಯಸ್ಕರವೆಂದು ಹೇಳಬೇಕು. ಉಷ್ಣದೇಶಗಳಲ್ಲಿ ಇನ್ನೊಂದು ಸಂಗತಿಯನ್ನು ನೆನೆಯತಕ್ಕದ್ದು: ಸುತ್ತಲಿನ ತಾಪ ಹತ್ತು ಡಿಗ್ರಿ ಏರಿದಂತೆಲ್ಲ ಸೀಸದ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುವುದು. ವಿಮಾನಯಾನದ ನಿಯಮಗಳೂ ವಿನ್ಯಾಸವನ್ನು ಪರೋಕ್ಷವಾಗಿ ಆಳುತ್ತಿವೆ. ಮಡಿಸುವ ಕುರ್ಚಿಯಿಂದ ಕಳಚಿ ಕ್ಯಾಬಿನ್ನಿನಲ್ಲಿ ಒಯ್ಯುವ ಲಿಥಿಯಂ ಬ್ಯಾಟರಿ 300 ವ್ಯಾಟ್-ಗಂಟೆಯನ್ನು ಮೀರಕೂಡದೆಂಬ ಕಟ್ಟಳೆ ಇರುವುದರಿಂದಲೇ ಪ್ರಯಾಣದ ಕುರ್ಚಿಗಳ ಬ್ಯಾಟರಿಗಳು ಹೆಚ್ಚಾಗಿ ಅದರೊಳಗೇ ನಿಲ್ಲುತ್ತವೆ. ಮೂರು ಕಿಲೋಗ್ರಾಮಿನ ಸುಮಾರಿನ ಆ ಬ್ಯಾಟರಿ ಸಾಧಾರಣ ನೆಲದಲ್ಲಿ ಹತ್ತು ಹದಿನೈದು ಕಿಲೋಮೀಟರು ಒಯ್ಯುತ್ತದೆ. ತಯಾರಕರು ಪ್ರಕಟಿಸುವ ದೂರಗಳು ಸಮತಟ್ಟಾದ ನೆಲದಲ್ಲಿ, ಹೊಸ ಬ್ಯಾಟರಿಯಿಂದ ಅಳೆದವುಗಳೆಂಬುದನ್ನು ಮರೆಯಲಾಗದು.

ಮೋಟಾರುಗಳ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಬ್ರಷ್ಷುಗಳುಳ್ಳ ಮೋಟಾರನ್ನು ತಿರುಪುಹಲ್ಲಿನ ಗಿಯರಿನೊಡನೆ ಕೂಡಿಸುವ ಹಳೆಯ ಪದ್ಧತಿ ಅಗ್ಗವೂ ಸುಲಭವಾಗಿ ದುರಸ್ತಿಯಾಗುವಂಥದೂ ಆದರೂ ಶಕ್ತಿಯ ಗಣ್ಯಭಾಗವನ್ನು ಘರ್ಷಣೆಯಲ್ಲಿ ಕಳೆಯುತ್ತದೆ. ಚಕ್ರದ ಗುಂಬದೊಳಗೇ ಅಡಗುವ ಬ್ರಷ್‌ರಹಿತ ಮೋಟಾರು ಹಗುರ, ನಿಶ್ಶಬ್ದ ಮತ್ತು ಮಿತವ್ಯಯಿ. ಜಪಾನಿನ ಯಮಹ ಕಂಪನಿ 1995ರಲ್ಲಿ ಮಾರುಕಟ್ಟೆಗೆ ತಂದ ಜೆಡಬ್ಲ್ಯೂ-1 ಎಂಬ ಸಾಧನವು ಸಾಮಾನ್ಯ ಕೈಕುರ್ಚಿಯ ಚಕ್ರಗಳನ್ನು ತೆಗೆದು ಮೋಟಾರಿರುವ ಚಕ್ರಗಳನ್ನು ತೊಡಿಸುವ ಮಾರ್ಗವನ್ನು ತೋರಿ, ಹಗುರ ಚೌಕಟ್ಟಿನ ಲಾಭವನ್ನು ವಿದ್ಯುತ್ ಕುರ್ಚಿಗೂ ಒದಗಿಸಿತು. ವಿದ್ಯುತ್ ಪ್ರವಾಹ ನಿಂತೊಡನೆ ತಾನಾಗಿ ಹಿಡಿದುಕೊಳ್ಳುವ ಬ್ರೇಕೂ, ಬ್ಯಾಟರಿ ಮುಗಿದಾಗ ಜೊತೆಗಾರರು ತಳ್ಳಿಕೊಂಡು ಹೋಗಲು ಚಕ್ರಗಳನ್ನು ಬಿಡಿಸುವ ಸನ್ನೆಯೂ ಇರಲೇಬೇಕು. ನಡುರಸ್ತೆಯಲ್ಲಿ ನಿಂತ 100 ಕಿ.ಗ್ರಾಂ ಯಂತ್ರವನ್ನು ವೃದ್ಧ ಪತ್ನಿಯೊಬ್ಬರು ತಳ್ಳಬೇಕಾಗಿ ಬಂದಾಗ ಲಘುತ್ವದ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಇನ್ನು ಲಘುತ್ವಕ್ಕೂ ಸ್ಥಿರತೆಗೂ ನಡುವಿನ ನಿಜವಾದ ವಿರೋಧದ ವಿಚಾರ. ಭಾರವಾದ ಕುರ್ಚಿಯಲ್ಲಿ ಬ್ಯಾಟರಿಯೂ ಮೋಟಾರುಗಳೂ ನೆಲಕ್ಕೆ ಸಮೀಪದಲ್ಲಿದ್ದು ಇಡೀ ವ್ಯವಸ್ಥೆಯ ಗುರುತ್ವಕೇಂದ್ರವನ್ನು ಕೆಳಗೆ ಸೆಳೆದಿಡುತ್ತವೆ. ಕುಳಿತವರ ತೂಕ 75 ಕಿ.ಗ್ರಾಂ, ಅವರ ದೇಹದ ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲೆ, 100 ಕಿ.ಗ್ರಾಂ ಕುರ್ಚಿಯ ಕೇಂದ್ರ 25 ಸೆಂ.ಮೀ. ಎತ್ತರದಲ್ಲಿ ಎಂದಿಟ್ಟುಕೊಂಡರೆ, ಎರಡರ ಸಮ್ಮಿಳಿತ ಕೇಂದ್ರ ಸುಮಾರು 44 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ, ಕುರ್ಚಿಯನ್ನು 25 ಕಿ.ಗ್ರಾಮಿಗೆ ಇಳಿಸಿ ಅದರ ಕೇಂದ್ರವನ್ನು 30 ಸೆಂ.ಮೀ. ಎತ್ತರದಲ್ಲಿರಿಸಿದರೆ ಅದು 60 ಸೆಂ.ಮೀ.ಗೆ ಏರುತ್ತದೆ. ಚಕ್ರಗಳ ನಡುವಿನ ಅಂತರ 56 ಸೆಂ.ಮೀ. ಇರುವ ಕುರ್ಚಿ ಮೊದಲ ಸಂದರ್ಭದಲ್ಲಿ ಪಕ್ಕಕ್ಕೆ ಉರುಳಲು 32 ಡಿಗ್ರಿ ವಾಲಬೇಕಾದರೆ, ಎರಡನೆಯದರಲ್ಲಿ 25 ಡಿಗ್ರಿಯೇ ಸಾಕು. ಹಿಂದಕ್ಕೆ ಉರುಳುವ ಅಪಾಯ ಇನ್ನೂ ಹೆಚ್ಚು. ಏರಿನಲ್ಲಿ ತಟ್ಟನೆ ಹೊರಟ ಮೋಟಾರಿನ ಬಲವೇ ಮುಂದಿನ ಚಕ್ರಗಳನ್ನು ನೆಲದಿಂದ ಎಬ್ಬಿಸಬಲ್ಲದು. ಆದುದರಿಂದ ಲಘು ಕುರ್ಚಿಯ ವಿನ್ಯಾಸದಲ್ಲಿ, ಕಳೆದ ಭಾರದ ಕೆಲಸವನ್ನು ಜ್ಯಾಮಿತಿಯಿಂದ ಮಾಡಿಸಬೇಕು: ಆಸನವನ್ನು ಎರಡು ಮೂರು ಸೆಂಟಿಮೀಟರು ತಗ್ಗಿಸಿ, ಚಕ್ರಗಳ ಅಂತರವನ್ನು ಬಾಗಿಲು ಅನುಮತಿಸುವಷ್ಟು ಹಿಗ್ಗಿಸಿ, ಹಿಂದೆ ಉರುಳುತಡೆಯ ಪುಟ್ಟ ಚಕ್ರಗಳನ್ನಿರಿಸಿ, ವೇಗ ಮೆಲ್ಲನೆ ಏರುವಂತೆ ನಿಯಂತ್ರಕವನ್ನು ಹದಗೊಳಿಸಬೇಕು. ಡೀನ್ ಕೇಮನ್ ಅವರು ರೂಪಿಸಿ, 2003ರಲ್ಲಿ ಅಮೆರಿಕದ ಸರ್ಕಾರದ ಅನುಮತಿ ಪಡೆದ 'ಐಬಾಟ್' ಎಂಬ ಕುರ್ಚಿ ಎರಡು ಚಕ್ರಗಳ ಮೇಲೆಯೇ ಸಮತೋಲ ಕಾಯ್ದುಕೊಂಡು ಮೆಟ್ಟಿಲನ್ನೂ ಹತ್ತುತ್ತಿತ್ತು. ಆದರೆ ಆ ಚಮತ್ಕಾರಕ್ಕಾಗಿ ಅದು 100 ಕಿ.ಗ್ರಾಂ ಮೀರಿದ ತೂಕವನ್ನು ಹೊತ್ತುಕೊಳ್ಳಬೇಕಾಗಿತ್ತು. ಇದು ಯಂತ್ರವಿದ್ಯೆಯ ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಅನುಕರಣೀಯವಾದ ಮಾದರಿಯೆಂದು ನಮಗೆ ತೋರುವುದಿಲ್ಲ.

ಸ್ಪರ್ಶಜ್ಞಾನವಿಲ್ಲದ ದೇಹಕ್ಕೆ ಮೆತ್ತೆಯೇ ಜೀವರಕ್ಷಕವಾದುದರಿಂದ, ತೂಕ ಇಳಿಸುವ ಉತ್ಸಾಹದಲ್ಲಿ ಅದನ್ನು ಮುಟ್ಟಕೂಡದು. ತೆಳ್ಳನೆಯ ಮೆತ್ತೆಯಿಂದ ಅರ್ಧ ಕಿಲೋಗ್ರಾಂ ಉಳಿಸಿ, ಒತ್ತುಹುಣ್ಣಿನಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವುದು ಲಾಭವಲ್ಲ. ಮಡಿಸುವಿಕೆಗೂ ಬೆಲೆ ತೆರಬೇಕಾಗುತ್ತದೆ: ಪ್ರತಿಯೊಂದು ಕೀಲೂ ತೂಕವನ್ನು ಸೇರಿಸಿ ಬಿಗಿತವನ್ನು ಕಳೆಯುವುದರಿಂದ, ಬೆನ್ನೊರಗನ್ನು ಮಾತ್ರ ಮುಂದಕ್ಕೆ ಮಡಿಸಿ ಚಕ್ರಗಳನ್ನು ಕಳಚುವ ಅಖಂಡ ಚೌಕಟ್ಟು, ಅಥವಾ ಎರಡು ಮೂರು ಭಾಗಗಳಾಗಿ ಬಿಚ್ಚಿ ಒಂದೊಂದನ್ನೇ ಎತ್ತಬಹುದಾದ ರಚನೆ ಮೇಲೆಂದು ಅನೇಕರ ಮತ. ವಾಹನದಲ್ಲಿ ಕುರ್ಚಿಯಲ್ಲಿಯೇ ಕುಳಿತು ಪ್ರಯಾಣಿಸುವವರ ರಕ್ಷಣೆಗೆಂದಿರುವ ಮಾನಕದಲ್ಲಿ, ಗಂಟೆಗೆ 48 ಕಿ.ಮೀ. ವೇಗದ ಡಿಕ್ಕಿಯನ್ನು ಅನುಕರಿಸಿ ಗುರುತ್ವದ ಸುಮಾರು 20 ಪಟ್ಟು ಮಂದೋತ್ಕರ್ಷಕ್ಕೆ ಕುರ್ಚಿಯನ್ನು ಒಡ್ಡುತ್ತಾರೆ. ಆ ಕ್ಷಣದಲ್ಲಿ 150 ಕಿ.ಗ್ರಾಂ ಕುರ್ಚಿ ಕಟ್ಟುಪಟ್ಟಿಗಳನ್ನು ಮೂರು ಟನ್ನಿನಂತೆ ಜಗ್ಗಿದರೆ, 30 ಕಿ.ಗ್ರಾಂ ಕುರ್ಚಿ 600 ಕಿಲೋಗ್ರಾಮಿನಂತೆ ಮಾತ್ರ ಜಗ್ಗುತ್ತದೆ. ಇಲ್ಲಿ ಲಘುತ್ವವೇ ಸುರಕ್ಷತೆ. ಬ್ರಿಟನ್ನಿನ ಕಾನೂನಂತೂ ಕಾಲುದಾರಿಯಲ್ಲಿ ಮಾತ್ರ ಓಡುವ ವರ್ಗದ ಕುರ್ಚಿಗೆ 113.4 ಕಿ.ಗ್ರಾಂ, ರಸ್ತೆಯಲ್ಲಿಯೂ ಓಡಬಲ್ಲ ವರ್ಗಕ್ಕೆ 150 ಕಿ.ಗ್ರಾಂ ಎಂದು ಬರಿಯ ತೂಕದ ಮೇಲೆಯೇ ಮಿತಿಯನ್ನು ವಿಧಿಸಿದೆ.

ಭಾರತದಲ್ಲಿ 2011ರ ಜನಗಣತಿಯಂತೆ 2.68 ಕೋಟಿ ಅಂಗವಿಕಲರಿದ್ದು, ಅವರಲ್ಲಿ ಸುಮಾರು 54 ಲಕ್ಷ ಮಂದಿ ಚಲನೆಯ ತೊಂದರೆಯುಳ್ಳವರು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನಲ್ಲಿಯೂ ಸಹಾಯಕ ಉತ್ಪಾದನ ಕೇಂದ್ರವನ್ನುಳ್ಳ ಆಲಿಮ್ಕೋ ಎಂಬ ಕೇಂದ್ರಸರ್ಕಾರದ ಸಂಸ್ಥೆ ತ್ರಿಚಕ್ರಿಗಳನ್ನೂ ಗಾಲಿಕುರ್ಚಿಗಳನ್ನೂ ತಯಾರಿಸುತ್ತ ಬಂದಿದೆ. ಮೋಟಾರಿರುವ ತ್ರಿಚಕ್ರಿ ಈ ದೇಶದ ಕಚ್ಚಾ ರಸ್ತೆಗಳಿಗೆ ಒಗ್ಗುವ ವಾಹನವಾದರೂ ಮನೆಯ ಬಾಗಿಲಿನಿಂದ ಒಳಕ್ಕೆ ಬಾರದು. ಮದರಾಸಿನ ಐಐಟಿಯ ಪುನರ್ವಸತಿ ಸಂಶೋಧನ ಕೇಂದ್ರದಲ್ಲಿ ಹುಟ್ಟಿದ ನಿಯೋಬೋಲ್ಟ್ ಎಂಬ ಜೋಡಣೆ ಈ ತೊಡಕಿಗೆ ಒಪ್ಪತಕ್ಕ ಪರಿಹಾರ. ಹಗುರವಾದ ಕೈಕುರ್ಚಿಯ ಮುಂದೆ ಮೋಟಾರೂ ಬ್ಯಾಟರಿಯೂ ಇರುವ ಒಂಟಿಚಕ್ರದ ಘಟಕವನ್ನು ಕೂಡಿಸಿದರೆ ಗಂಟೆಗೆ 25 ಕಿ.ಮೀ. ವೇಗದವರೆಗೆ ಓಡುವ ವಾಹನವಾಗಿ, ಕಳಚಿ ಹೊರಗೆ ಬಿಟ್ಟರೆ ಮನೆಯೊಳಗಿನ ಕುರ್ಚಿಯಾಗಿ ಅದು ದ್ವಿಪಾತ್ರವನ್ನು ನಿರ್ವಹಿಸುತ್ತದೆ. ಆದರೆ ಅದನ್ನು ನಡೆಸಲು ತೋಳುಗಳಲ್ಲಿ ಬಲವಿರಬೇಕಾದುದರಿಂದ, ಬೆರಳಿನ ಚಲನೆಯೊಂದೇ ಉಳಿದವರಿಗೆ ಅದು ಒದಗದು. ಸ್ವತಃ ಗಾಲಿಕುರ್ಚಿಯನ್ನು ಬಳಸುತ್ತಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆಯಿಂದ ಮೊದಲ್ಗೊಂಡು, ಈ ನಾಡಿನಲ್ಲಿಯೂ ಇಂಥ ಉಪಕರಣಗಳ ಕುರಿತ ಕಾಳಜಿಗೆ ದೀರ್ಘ ಪರಂಪರೆಯಿದೆ.

ನಮ್ಮ ಪಟ್ಟಣಗಳ ಪಾದಚಾರಿ ಕಟ್ಟೆ 15 ಸೆಂ.ಮೀ. ಎತ್ತರವನ್ನು ಮೀರಕೂಡದೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಬಹುತೇಕ ವಿದ್ಯುತ್ ಕುರ್ಚಿಗಳು ಹತ್ತಬಲ್ಲ ಎತ್ತರ 5ರಿಂದ 7 ಸೆಂ.ಮೀ. ಮಾತ್ರ. ಇಳಿಜಾರು ಇಲ್ಲದಲ್ಲಿ ಕುರ್ಚಿಯನ್ನು ಮನುಷ್ಯರೇ ಎತ್ತಬೇಕಾದ ಈ ದೇಶದಲ್ಲಿ 40 ಕಿಲೋಗ್ರಾಮಿನಾಚೆಗಿನ ಕುರ್ಚಿ, ಅದರ ಗುಣಗಳೇನೇ ಇರಲಿ, ಬಹಳ ಮಂದಿಗೆ ಮನೆಯ ಗೋಡೆಗಳೊಳಗಿನ ಯಂತ್ರವಾಗಿ ಉಳಿಯುತ್ತದೆ. ಧೂಳಿಗೂ ಮಳೆಗಾಲದ ನೀರಿಗೂ ನಿಯಂತ್ರಕದ ಪೆಟ್ಟಿಗೆಯೂ ತಂತಿಗಳ ಕೂಡುಗಳೂ ಮುಚ್ಚಿದವಾಗಿರಬೇಕು. ಬೇರಿಂಗು, ಟೈರು, ಬೋಲ್ಟುಗಳು ಸೈಕಲ್ ಅಂಗಡಿಯಲ್ಲಿ ದೊರೆಯುವ ಅಳತೆಯವಾಗಿರುವುದು ಒಳ್ಳೆಯದು. ಬಡದೇಶಗಳಲ್ಲಿ ಸ್ಥಳೀಯವಾಗಿಯೇ ನಿರ್ಮಿಸಬಹುದಾದ ಕುರ್ಚಿಗಳನ್ನು ರೂಪಿಸಿದ ಅಮೆರಿಕದ ರಾಲ್ಫ್ ಹಾಚ್‌ಕಿಸ್ ಈ ತತ್ತ್ವವನ್ನು ಕೈಕುರ್ಚಿಗಳಲ್ಲಿ ಬಹುಕಾಲ ಆಚರಿಸಿ ತೋರಿಸಿದ್ದಾರೆ. ವಿದ್ಯುತ್ ಕುರ್ಚಿಗಳ ತಯಾರಕರು ಅದನ್ನು ಇನ್ನೂ ಪೂರ್ಣವಾಗಿ ಕಲಿತಿಲ್ಲ.

ಮಾರುಕಟ್ಟೆಯಲ್ಲಿ ಹಗುರವೆಂದು ಪ್ರಚಾರಗೊಳ್ಳುವ ಕುರ್ಚಿಗಳ ತೂಕವನ್ನು ಬ್ಯಾಟರಿ ಮತ್ತು ಪಾದಾಧಾರಗಳನ್ನು ಬಿಟ್ಟು ನಮೂದಿಸುವ ಪದ್ಧತಿ ವ್ಯಾಪಕವಾಗಿದೆ. ಕೊಳ್ಳುವವರು ಸಕಲಾಂಗಗಳೊಡನೆ ಕುರ್ಚಿಯನ್ನು ತೂಗಿಸಿ, 7176 ಮಾನಕದ ಎಂಟನೆಯ ಭಾಗದ ಪರೀಕ್ಷೆಯ ಪ್ರಮಾಣಪತ್ರವನ್ನು ಕೇಳಿ ಪಡೆದು, ಮುಂಚಕ್ರದ ಕವಲಿನ ಬೆಸುಗೆಯನ್ನು ಬೆಳಕಿನಲ್ಲಿ ನೋಡಿ, ಮನೆಯಲ್ಲಿ ಅದನ್ನು ಎತ್ತಬೇಕಾದವರ ಕೈಯಿಂದಲೇ ಒಮ್ಮೆ ಎತ್ತಿಸಿದ ಮೇಲೆ ಹಣ ಕೊಡುವುದು ಉಚಿತ.